ಪಿಯಾನೋ ಮೇಲಿದ್ದ ಆ ಪರ್ಸಿನಲ್ಲಿ ಏನಿತ್ತು?

2018ರ ಆಗಸ್ಟ್ 16, ಗುರುವಾರ. ಸುದ್ದಿಮನೆಯಲ್ಲಿ ಕೆಲಸ ಮಾಡಿದ ಯಾರೂ ಆ ದಿನವನ್ನು ಮರೆಯೋದಿಲ್ಲ. ಸಂಜೆ 5 ಗಂಟೆ 5 ನಿಮಿಷಕ್ಕೆ ದೆಹಲಿಯ ಏಮ್ಸ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಕೊನೆಯುಸಿರೆಳೆದರು. ಇತ್ತ ಕೊಡಗಿನಲ್ಲಿ ಮಳೆ ನಿಲ್ಲುತ್ತಿಲ್ಲ, ಗುಡ್ಡಗಳು ಜಾರುತ್ತಿವೆ. ಒಂದು ಕಣ್ಣು ದೆಹಲಿ ಕಡೆ, ಇನ್ನೊಂದು ಕಣ್ಣು ಮಡಿಕೇರಿ ಕಡೆ. ಕುರ್ಚಿ ಬಿಟ್ಟು ಏಳೋಕೆ ಪುರುಸೊತ್ತಿಲ್ಲ. ಅಂಥಾ ಹೊತ್ತಿನಲ್ಲಿ, ನಮ್ಮ ಗಡಿಯಾರದಲ್ಲಿ ರಾತ್ರಿ ಏಳೂವರೆ ಆದ ಮೇಲೆ, ಡೆಸ್ಕಿನ ಹುಡುಗನೊಬ್ಬ ಒಂದು ಸಾಲು ತಂದು ತೋರಿಸಿದ. "ಅಮೆರಿಕದ ಗಾಯಕಿ ಅರೀತಾ ಫ್ರಾಂಕ್ಲಿನ್ ನಿಧನ. ಸರ್, ಸ್ಕ್ರೋಲಿಗೆ ಹಾಕ್ಲಾ?"

"ಯಾರಪ್ಪಾ ಅದು? ಇವತ್ತು ಬೇಡ ಬಿಡು" ಅಂದೆ.

ನಮ್ಮ ಸಂಜೆಯ ಆ ಹೊತ್ತು ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ ಬೆಳಗಿನ ಹತ್ತು ಗಂಟೆಯ ಸುಮಾರು. ಸೋಲ್ ಸಂಗೀತದ ರಾಣಿ ಅಂತ ಅರ್ಧ ಶತಮಾನ ಕರೆಸಿಕೊಂಡ ಹೆಂಗಸು 76ನೇ ವಯಸ್ಸಿಗೆ ಕಣ್ಣು ಮುಚ್ಚಿದ್ದರು. ನಾನು ಅದನ್ನು ಅಲ್ಲಿಗೇ ಮರೆತೆ. ಆದರೆ ಎರಡು ವಾರ ಕಳೆದ ಮೇಲೆ ಏಜೆನ್ಸಿಯಿಂದ ದೃಶ್ಯಗಳು ಬಂದವು ನೋಡಿ. ಚಿನ್ನದ ಬಣ್ಣದ ಶವಪೆಟ್ಟಿಗೆ. ಒಳಗೆ ಆಕೆ, ಕೆಂಪು ಉಡುಪಿನಲ್ಲಿ. ಕಾಲಲ್ಲಿ ಕೆಂಪು ಹೈಹೀಲ್ಸ್, ಕಾಲ ಮೇಲೆ ಕಾಲು! ಮರುದಿನ ಬಂದ ದೃಶ್ಯದಲ್ಲಿ ತಿಳಿ ನೀಲಿ ಉಡುಪು. ಮೂರನೇ ದಿನ ಗುಲಾಬಿ ಹೊನ್ನಿನ ಬಣ್ಣ. ನಾಲ್ಕನೇ ದಿನ, ಅಂತ್ಯಕ್ರಿಯೆಗೆ, ಅಪ್ಪಟ ಬಂಗಾರದ ಬಣ್ಣ. ಸತ್ತ ಮೇಲೆ ನಾಲ್ಕು ಸಲ ಬಟ್ಟೆ ಬದಲಾಯಿಸಿದ ಮಹಾರಾಣಿ! ಸುದ್ದಿಗಾರನಿಗೆ ಇದಕ್ಕಿಂತ ಇನ್ನೇನು ಬೇಕು? ಬುಲೆಟಿನ್ ಕೊನೆಗೆ ನಲವತ್ತು ಸೆಕೆಂಡಿನ ತುಣುಕು ಮಾಡಿದೆವು. "ಶವಪೆಟ್ಟಿಗೆಯಲ್ಲೂ ಫ್ಯಾಷನ್ ಶೋ" ಅಂತ ಶೀರ್ಷಿಕೆ. ಬರೆದಿದ್ದು ನಾನೇ. ಓದುವಾಗ ತುಟಿಯಂಚಲ್ಲಿ ಒಂದು ನಗು ಬೇರೆ.

ಎರಡು ದಿನ ಬಿಟ್ಟು ಒಂದು ಇ-ಮೇಲ್ ಬಂತು. ಡೆಟ್ರಾಯ್ಟ್ ಹತ್ತಿರ ನೆಲೆಸಿರುವ ಕನ್ನಡದ ಹೆಣ್ಣುಮಗಳು, ಆಸ್ಪತ್ರೆಯೊಂದರಲ್ಲಿ ನರ್ಸ್. ಬೈದಿರಲಿಲ್ಲ, ಬೈದಿದ್ದರೆ ಸಲೀಸಿತ್ತು. "ಸಾರ್, ನನ್ನ ಜೊತೆ ಕೆಲಸ ಮಾಡೋ ಅಕ್ಕಂದಿರ ಜೊತೆ ನಾನೂ ಆ ಸಾಲಿನಲ್ಲಿ ನಿಂತಿದ್ದೆ. ಅವರೆಲ್ಲ ಅಳುತ್ತಿದ್ದರು. ಆ ಕೆಂಪು ಚಪ್ಪಲಿ ನೋಡಿ ಅಳುತ್ತಲೇ ನಕ್ಕರು. ನೀವು ನಕ್ಕಿದ್ದು ಆ ಥರ ಇರಲಿಲ್ಲ." ಅಷ್ಟೇ. ಮೂರು ಸಾಲು.

ಆ ಮೂರು ಸಾಲು ನನ್ನನ್ನು ಬಿಡಲಿಲ್ಲ. ಅಂದಿನಿಂದ ಬಿಡುವಾದಾಗಲೆಲ್ಲ ಈ ಹೆಂಗಸಿನ ಹಾಡು ಕೇಳಿದೆ. ಅದಕ್ಕಿಂತ ಹೆಚ್ಚಾಗಿ ಆಕೆಯ ಬಟ್ಟೆಗಳನ್ನು ನೋಡಿದೆ. ಹೌದು, ಬಟ್ಟೆಗಳನ್ನೇ. ಯಾಕೆ ಅಂತ ಹೇಳ್ತೀನಿ, ಕೇಳಿ.

ಅದಕ್ಕೂ ಮೊದಲು ಒಂದು ಮಾತು. ಈ ಬರಹದಲ್ಲಿ ಅರೀತಾ ಫ್ರಾಂಕ್ಲಿನ್ ಅವರನ್ನು ಬಹುವಚನದಲ್ಲೇ ಕರೀತೀನಿ. ನಾವು ಟಿವಿಯವರು ಹೊರದೇಶದ ಹೆಣ್ಣುಮಕ್ಕಳನ್ನು ಸಲೀಸಾಗಿ "ಹಾಡಿದಳು, ಕುಣಿದಳು" ಅಂದುಬಿಡ್ತೀವಿ. ಆದರೆ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಹೆಂಗಸರಿಗೆ ಬಹುವಚನ ಅನ್ನೋದು ಕೋರ್ಟಿಗೆ ಹೋಗಿ ಗೆದ್ದುಕೊಳ್ಳಬೇಕಾದ ವಸ್ತುವಾಗಿತ್ತು. 1963ರಲ್ಲಿ ಅಲಬಾಮಾದ ನ್ಯಾಯಾಲಯವೊಂದರಲ್ಲಿ ಮೇರಿ ಹ್ಯಾಮಿಲ್ಟನ್ ಎಂಬ ಹೋರಾಟಗಾರ್ತಿಯನ್ನು ಸರ್ಕಾರಿ ವಕೀಲ ಬರಿಯ "ಮೇರಿ" ಅಂತ ಕರೆದ. ಬಿಳಿ ಹೆಂಗಸಾಗಿದ್ದರೆ "ಮಿಸ್" ಸೇರಿಸುತ್ತಿದ್ದ. "ಮಿಸ್ ಹ್ಯಾಮಿಲ್ಟನ್ ಅನ್ನುವ ತನಕ ಉತ್ತರ ಕೊಡಲ್ಲ" ಅಂತ ಆಕೆ ಕೂತರು. ನ್ಯಾಯಾಂಗ ನಿಂದನೆ ಅಂತ ಜೈಲು, ದಂಡ. 1964ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಅರೀತಾ ಕೂಡ ಕೊನೆಯವರೆಗೂ ತಮ್ಮನ್ನು "ಮಿಸ್ ಫ್ರಾಂಕ್ಲಿನ್" ಅಂತಲೇ ಕರೀಬೇಕು ಅಂತ ಪಟ್ಟು ಹಿಡಿದಿದ್ದರು. ದೊಡ್ಡಸ್ತಿಕೆ ಅಂದರು ಜನ. ದೊಡ್ಡಸ್ತಿಕೆನಾ ಅದು?

ಬಟ್ಟೆಯ ಕಥೆಯೂ ಇಲ್ಲಿಂದಲೇ ಶುರುವಾಗುತ್ತೆ. 1735ರಲ್ಲಿ ದಕ್ಷಿಣ ಕೆರೋಲಿನಾದಲ್ಲಿ ಒಂದು ಕಾನೂನು ಬಂತು. ಗುಲಾಮರು ಯಾವ ಬಟ್ಟೆ ಹಾಕಬಹುದು ಅಂತ ಅದರಲ್ಲಿ ಪಟ್ಟಿ ಇತ್ತು: ದಪ್ಪ, ಒರಟು, ಅಗ್ಗದ ಬಟ್ಟೆ, ಅಷ್ಟೇ. 1786ರಲ್ಲಿ ಲೂಸಿಯಾನದ ಸ್ಪ್ಯಾನಿಷ್ ಗವರ್ನರ್ ಮಿರೋ ಇನ್ನೊಂದು ಹುಕುಂ ಹೊರಡಿಸಿದ. ಕಪ್ಪು ಮೂಲದ ಸ್ವತಂತ್ರ ಹೆಂಗಸರು ತಲೆಗೂದಲನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು, ಗರಿ ಸಿಕ್ಕಿಸಬಾರದು, ಒಡವೆ ಹಾಕಬಾರದು. ಅವರ ಚೆಲುವು ಬಿಳಿಯರ ಕಣ್ಣು ಕುಕ್ಕುತ್ತಿತ್ತಂತೆ! ಆ ಹೆಂಗಸರು ಏನು ಮಾಡಿದರು ಗೊತ್ತಾ? ಕಡು ಬಣ್ಣದ, ಒಳ್ಳೊಳ್ಳೆ ವಸ್ತ್ರ ತಂದು ಎತ್ತರಕ್ಕೆ ಸುತ್ತಿ ಕಟ್ಟಿದರು. ಅವಮಾನ ಅಂತ ಕೊಟ್ಟಿದ್ದನ್ನು ಕಿರೀಟ ಮಾಡಿಕೊಂಡರು. ಯಾರು ಏನು ಉಡಬೇಕು ಅಂತ ಅಧಿಕಾರದಲ್ಲಿದ್ದವನು ನಿರ್ಧರಿಸೋದು ನಮಗೇನು ಹೊಸದಲ್ಲ. ಪಕ್ಕದ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೈಮೇಲೆ ಬಟ್ಟೆ ಹಾಕಿಕೊಳ್ಳೋಕೆ 1859ರ ರಾಜಾಜ್ಞೆಯವರೆಗೆ ಹೊಡೆದಾಡಬೇಕಾಯಿತು.

ಹಾಗಾಗಿ ಕಪ್ಪು ಜನರ ಚರ್ಚಿನಲ್ಲಿ ಭಾನುವಾರದ ಬಟ್ಟೆ ಅಂದರೆ ಬರೀ ಬಟ್ಟೆಯಲ್ಲ. ಆರು ದಿನ ಬೇರೆಯವರ ಮನೆಯ ಪಾತ್ರೆ ತಿಕ್ಕುವ ಏಪ್ರನ್ನು, ಏಳನೇ ದಿನ ನನ್ನದೇ ಟೋಪಿ. ಗರಿ, ರಿಬ್ಬನ್ನು, ಹೂವು, ಜಾಲರಿ, ಎಲ್ಲ ಇರೋ ಟೋಪಿ. ಹಿಂದಿನ ಬೆಂಚಿನವರಿಗೆ ಪಾದ್ರಿ ಕಾಣಿಸದಿದ್ದರೂ ಸರಿ! ಅಂಥಾ ಚರ್ಚಿನಲ್ಲಿ ಅರೀತಾ ಬೆಳೆದರು. ಹುಟ್ಟಿದ್ದು 1942ರ ಮಾರ್ಚ್ 25ರಂದು, ಮೆಂಫಿಸ್‌ನಲ್ಲಿ. ಬೆಳೆದದ್ದು ಡೆಟ್ರಾಯ್ಟ್‌ನಲ್ಲಿ. ಅಪ್ಪ ಸಿ.ಎಲ್. ಫ್ರಾಂಕ್ಲಿನ್ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಅವರ ಪ್ರವಚನಗಳು ಗ್ರಾಮಫೋನ್ ತಟ್ಟೆಗಳಾಗಿ ಮಾರಾಟವಾಗುತ್ತಿದ್ದವು. ಹತ್ತು ಲಕ್ಷ ಡಾಲರ್ ಕಂಠದ ಮನುಷ್ಯ ಅಂತ ಬಿರುದು. ಕಂಠದಷ್ಟೇ ಸೂಟಿನ ಮೇಲೂ ಆಸೆ ಇದ್ದ ಆಸಾಮಿ. ಮಗಳಿಗೆ ಎರಡೂ ಬಂತು.

ಈಗ ಒಂದು ದೃಶ್ಯ ನೋಡಿ. ಅರೀತಾ ಇನ್ನೂ ಹುಡುಗಿ. ಅತ್ತೆಯೊಬ್ಬರ ಶವಸಂಸ್ಕಾರ. ಹಾಡೋಕೆ ಬಂದವರು ಕ್ಲಾರಾ ವಾರ್ಡ್, ಆ ಕಾಲದ ಗಾಸ್ಪೆಲ್ ಗಾಯನದ ದೊಡ್ಡ ಹೆಸರು, ಉಡುಗೆ ತೊಡುಗೆಯಲ್ಲೂ ಯಾರಿಗೂ ಸೋಲದ ಹೆಂಗಸು. ಹಾಡುತ್ತಾ ಹಾಡುತ್ತಾ ಆವೇಶ ಬಂದು ಕ್ಲಾರಾ ತಲೆ ಮೇಲಿನ ಟೋಪಿ ಕಿತ್ತು ನೆಲಕ್ಕೆ ಬಿಸಾಡಿದರು. ಬೆಂಚಿನಲ್ಲಿ ಕೂತು ಬಾಯಿ ಬಿಟ್ಕೊಂಡು ನೋಡಿದ ಹುಡುಗಿ ಆವತ್ತೇ ತೀರ್ಮಾನಿಸಿದಳು: ನಾನೂ ಹಾಡುಗಾರ್ತಿ ಆಗಬೇಕು. ಇದನ್ನು ಮುಂದೆ ಅರೀತಾ ಅವರೇ ಹೇಳಿಕೊಂಡಿದ್ದಾರೆ. ಹಾಡಿನಷ್ಟೇ ಆಕೆಯ ನೆನಪಿನಲ್ಲಿ ಉಳಿದದ್ದು ಟೋಪಿ! ಈ ಟೋಪಿಯನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ. ಮತ್ತೆ ಬರುತ್ತೆ.

1960ರಲ್ಲಿ, 18ರ ವಯಸ್ಸಿಗೆ, ನ್ಯೂಯಾರ್ಕಿನ ಕೊಲಂಬಿಯಾ ಕಂಪನಿ ಆಕೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಆರು ವರ್ಷಗಳ ಫೋಟೋ ನೋಡಿದರೆ ಬೇರೆ ಯಾರೋ ಅನ್ನಿಸುತ್ತೆ. ಎತ್ತಿ ಕಟ್ಟಿದ ಕೂದಲು, ನಾಜೂಕಾದ ಗೌನು, ಹೋಟೆಲಿನ ಊಟದ ಮೇಜುಗಳ ನಡುವೆ ಹಾಡುವ ಗಾಯಕಿಯ ಅಚ್ಚುಕಟ್ಟು. ಜಾಝ್ ಹಾಡಿಸಿದರು, ನಾಟಕದ ಹಾಡು ಹಾಡಿಸಿದರು. ಅದೇ ಡೆಟ್ರಾಯ್ಟ್‌ನಲ್ಲಿ ಆಗ ಮೋಟೌನ್ ಕಂಪನಿ ಹುಡುಗಿಯರಿಗೆ ನಡೆಯೋದು, ಕೂರೋದು, ಕಾರಿನಿಂದ ಇಳಿಯೋದನ್ನೂ ಪಾಠ ಹೇಳಿಕೊಡುತ್ತಿತ್ತು. ಮ್ಯಾಕ್ಸೀನ್ ಪೊವೆಲ್ ಅಂತ ಅದಕ್ಕೇ ಒಬ್ಬ ಮೇಡಂ ಇದ್ದರು. ಸುಪ್ರೀಮ್ಸ್ ತಂಡದ ಮೂವರೂ ಒಂದೇ ಥರದ ಮಿಂಚುವ ಗೌನಿನಲ್ಲಿ ಬಂದು ನಿಂತರೆ ಬಿಳಿ ಅಮೆರಿಕದ ಮನೆ ಮನೆಯ ಟಿವಿ ಬಾಗಿಲು ತೆಗೀತಿತ್ತು. ಅದು ಒಂದು ದಾರಿ, ತಪ್ಪು ಅಂತ ನಾನು ಹೇಳೋದಿಲ್ಲ. ಅರೀತಾ ಆ ಶಾಲೆಗೆ ಹೋಗಲಿಲ್ಲ ಅಷ್ಟೇ. ಪರಿಣಾಮ, ಆಕೆಯ ಉಡುಪಿಗೆ ತಿದ್ದುಪಡಿ ಮಾಡುವ ಮೇಷ್ಟ್ರೇ ಇರಲಿಲ್ಲ. ಮುಂದೆ ಐವತ್ತು ವರ್ಷ ಆಕೆ ಹಾಕಿದ್ದರಲ್ಲಿ ಕೆಲವು ಅದ್ಭುತ, ಕೆಲವು ಅಯ್ಯೋ ದೇವರೇ ಅನ್ನುವಂಥವು. ಎರಡೂ ಆಕೆಯದ್ದೇ.

1967 ಬಂತು. ಕಂಪನಿ ಬದಲಾಯಿತು, ಅಟ್ಲಾಂಟಿಕ್. ಅಲಬಾಮಾದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನ ಸ್ಟುಡಿಯೋದಲ್ಲಿ ಆಕೆಯನ್ನು ಮತ್ತೆ ಪಿಯಾನೋ ಮುಂದೆ ಕೂರಿಸಿದರು. ಒಳಗಿದ್ದ ಚರ್ಚು ಹೊರಗೆ ಬಂತು. ಅದೇ ವರ್ಷ "ರೆಸ್ಪೆಕ್ಟ್". ಬರೆದದ್ದು ಓಟಿಸ್ ರೆಡ್ಡಿಂಗ್, 1965ರಲ್ಲಿ ಆತನೇ ಹಾಡಿದ್ದ. ಕೆಲಸ ಮುಗಿಸಿ ಮನೆಗೆ ಬರುವ ಗಂಡಸು ಕೇಳುವ ಮರ್ಯಾದೆ ಅದು. ಅರೀತಾ ಬಾಯಲ್ಲಿ ಅದೇ ಹಾಡು ಹೆಂಗಸು ಕೇಳುವ ಮರ್ಯಾದೆಯಾಯಿತು. ಜೂನ್‌ನಲ್ಲಿ ದೇಶದ ನಂಬರ್ ಒನ್ ಹಾಡು. ಜುಲೈನಲ್ಲಿ ಡೆಟ್ರಾಯ್ಟ್ ಹೊತ್ತಿ ಉರಿಯಿತು. ಐದು ದಿನದ ದಂಗೆಯಲ್ಲಿ 43 ಜನ ಸತ್ತರು. ಉರಿಯುವ ಊರಿನ ಕಿಟಕಿಗಳಿಂದ ಕೇಳಿಬರುತ್ತಿದ್ದ ದನಿ ಅದೇ ಊರಿನ ಪಾದ್ರಿಯ ಮಗಳದ್ದು. ಶಿಕಾಗೋದ ರೀಗಲ್ ಥಿಯೇಟರಿನಲ್ಲಿ ಪರ್ವಿಸ್ ಸ್ಪ್ಯಾನ್ ಎಂಬ ರೇಡಿಯೋ ನಿರೂಪಕ ವೇದಿಕೆ ಮೇಲೇ ಆಕೆಯ ತಲೆಗೆ ನಿಜವಾದ ಕಿರೀಟ ಇಟ್ಟ. ಸೋಲ್ ಸಂಗೀತದ ರಾಣಿ ಅನ್ನೋ ಬಿರುದು ಅಂಟಿಕೊಂಡದ್ದು ಹಾಗೆ. ನನ್ನ ಥರದ ಒಬ್ಬ ನಿರೂಪಕ ಇಟ್ಟ ಕಿರೀಟ ಅದು. ನಮ್ಮ ಕಸುಬಿನಿಂದ ಒಳ್ಳೆ ಕೆಲಸವೂ ಆಗುತ್ತೆ, ನೋಡಿ.

ಆದರೆ ಆ ಹಾಡಿನ ಲೆಕ್ಕಾಚಾರ ಕೇಳಿದರೆ ಹೊಟ್ಟೆ ಉರಿಯುತ್ತೆ. ಅಮೆರಿಕದ ಕಾನೂನಿನ ಪ್ರಕಾರ ಸಾಮಾನ್ಯ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೆ ದುಡ್ಡು ಸಿಗುತ್ತೆ, ಹಾಡಿದವರಿಗಿಲ್ಲ. ಲೆಕ್ಕವಿಲ್ಲದಷ್ಟು ಸಲ ರೇಡಿಯೋದಲ್ಲಿ "ರೆಸ್ಪೆಕ್ಟ್" ಮೊಳಗಿತು. ಮರ್ಯಾದೆ ಕೇಳಿದ ಆ ಹಾಡಿಗೆ ಅಮೆರಿಕದ ರೇಡಿಯೋದಿಂದ ಗಾಯಕಿಗೆ ಬಂದದ್ದು ಸೊನ್ನೆ.

ಪರ್ಸಿನ ಕಥೆ ಇಲ್ಲಿ ಬರುತ್ತೆ. ಅರೀತಾ ಅವರ ಯಾವ ವಿಡಿಯೋ ಬೇಕಾದರೂ ಹಾಕಿ ನೋಡಿ. ದೊಡ್ಡ ದೊಡ್ಡ ಸಭಾಂಗಣ, ಅಧ್ಯಕ್ಷರು ಕೂತಿದ್ದಾರೆ, ಕೋಟ್ಯಂತರ ಜನ ಟಿವಿಯಲ್ಲಿ ನೋಡ್ತಿದ್ದಾರೆ. ಈಕೆ ನೆಲ ಗುಡಿಸುವ ಗೌನು ಹಾಕ್ಕೊಂಡು ಬರ್ತಾರೆ, ಕೈಯಲ್ಲಿ ಒಂದು ಪರ್ಸು! ಅದನ್ನು ಪಿಯಾನೋ ಮೇಲೋ ಕಣ್ಣಿಗೆ ಕಾಣುವ ಇನ್ನೊಂದು ಜಾಗದಲ್ಲೋ ಇಟ್ಟು ಹಾಡೋಕೆ ಶುರು. ಇದೇನು ಹೊಸ ಸ್ಟೈಲು ಅಂತ ಹುಡುಗ ಹುಡುಗಿಯರು ನಕ್ಕರು. ಸ್ಟೈಲಲ್ಲ ಸ್ವಾಮಿ, ಸಂಬಳ! ಹಾಡೋಕೆ ಮೊದಲು ನಗದು ಎಣಿಸಿ ಕೊಡಬೇಕು, ಇಲ್ಲದಿದ್ದರೆ ವೇದಿಕೆ ಹತ್ತಲ್ಲ, ಇದು ಆಕೆಯ ನಿಯಮ. ಆ ನಗದು ಆ ಪರ್ಸಿನಲ್ಲಿ ಇರುತ್ತಿತ್ತು, ಪರ್ಸು ಕಣ್ಣಳತೆಯಲ್ಲಿ ಇರುತ್ತಿತ್ತು. ಆಕೆ ಬೆಳೆದ ಕಾಲದಲ್ಲಿ ಕಪ್ಪು ಕಲಾವಿದರನ್ನು ರಾತ್ರಿಯಿಡೀ ಹಾಡಿಸಿ, ಬೆಳಗಾಗುವಾಗ ಆಯೋಜಕ ನಾಪತ್ತೆಯಾಗುವುದು ಮಾಮೂಲಿ. ದೊಡ್ಡ ದೊಡ್ಡವರೇ ಟೋಪಿ ಹಾಕಿಸಿಕೊಂಡದ್ದನ್ನು ಆಕೆ ಕಣ್ಣಾರೆ ಕಂಡಿದ್ದರು. ನಮ್ಮ ಹಳ್ಳಿ ಕಡೆ ಸಂತೆಗೆ ಹೋದ ಅಜ್ಜಿ ದುಡ್ಡಿನ ಸಂಚಿಯನ್ನು ಸೊಂಟದಿಂದ ಬಿಚ್ಚಲ್ಲ. ಅದೇ ಬುದ್ಧಿ ಇದು. ನನ್ನ ಪ್ರಕಾರ ಆಕೆಯ ಐವತ್ತು ವರ್ಷದ ವೇದಿಕೆ ಉಡುಪಿನಲ್ಲಿ ಒಂದೇ ಒಂದು ಸಲವೂ ಹಳತಾಗದ ಒಡವೆ ಅಂದರೆ ಆ ಪರ್ಸು.

ಎಪ್ಪತ್ತರ ದಶಕಕ್ಕೆ ಬರೋಣ. ಗೌನು ಹೋಯಿತು, ಸಡಿಲವಾದ ಆಫ್ರಿಕಾ ಶೈಲಿಯ ನಿಲುವಂಗಿ ಬಂತು. ವಿಗ್ ಇಳಿಯಿತು, ಗುಂಗುರು ಕೂದಲು ಹಾಗೇ ನಿಂತಿತು, ಇಲ್ಲವೇ ತಲೆಗೆ ಬಣ್ಣದ ವಸ್ತ್ರ ಎತ್ತರಕ್ಕೆ ಸುತ್ತಿದರು. ಲೂಸಿಯಾನದ ಹೆಂಗಸರು ನೆನಪಾದರಾ? ಇದು ಬರೀ ಫ್ಯಾಷನ್ ಆಗಿರಲಿಲ್ಲ. 1970ರಲ್ಲಿ ಏಂಜೆಲಾ ಡೇವಿಸ್ ಜೈಲಿನಲ್ಲಿದ್ದಾಗ, ಜಾಮೀನಿಗೆ ಒಂದು ಲಕ್ಷ ಡಾಲರ್ ಆಗಲಿ ಎರಡೂವರೆ ಲಕ್ಷವಾಗಲಿ ನಾನು ಕಟ್ತೀನಿ ಅಂತ ಅರೀತಾ ಬಹಿರಂಗವಾಗಿ ಹೇಳಿದರು. ಈ ದುಡ್ಡು ನನಗೆ ಬಂದದ್ದು ಕಪ್ಪು ಜನರಿಂದ, ಅವರಿಗಾಗಿಯೇ ಖರ್ಚಾಗಲಿ ಅನ್ನೋದು ಆಕೆಯ ವಾದವಾಗಿತ್ತು. ತಲೆಗೆ ಸುತ್ತಿದ ವಸ್ತ್ರದ ಹಿಂದೆ ಪರ್ಸೂ ಇತ್ತು ಅಂತಾಯಿತು.

1972ರ ಜನವರಿ 13 ಮತ್ತು 14. ಲಾಸ್ ಏಂಜಲೀಸ್‌ನ ಒಂದು ಚರ್ಚು. ಎರಡು ರಾತ್ರಿ ಗಾಸ್ಪೆಲ್ ಹಾಡುಗಳ ರೆಕಾರ್ಡಿಂಗ್. ಸಿಡ್ನಿ ಪೊಲಾಕ್ ಎಂಬ ನಿರ್ದೇಶಕ ಕ್ಯಾಮೆರಾ ಹಿಡಿದು ಬಂದ. ಬಂದವನು ಕ್ಲಾಪ್ ಬೋರ್ಡ್ ಹೊಡೆಯೋದನ್ನೇ ಮರೆತ! ಸಿನಿಮಾದವರಿಗೆ ಗೊತ್ತು, ಕ್ಲಾಪ್ ಇಲ್ಲದಿದ್ದರೆ ಚಿತ್ರಕ್ಕೂ ಧ್ವನಿಗೂ ತಾಳೆ ಕೂರಲ್ಲ. ಆ ರೀಲುಗಳು ದಶಕಗಟ್ಟಲೆ ಡಬ್ಬಿಯಲ್ಲೇ ಕೂತವು. ತಂತ್ರಜ್ಞಾನ ಬಂದು ಜೋಡಿಸಿದ ಮೇಲೂ ಅರೀತಾ ಕೋರ್ಟಿಗೆ ಹೋಗಿ ತಡೆದರು. ಆಕೆ ತೀರಿಕೊಂಡ ಮೇಲೆ, 2018ರ ಕೊನೆಯಲ್ಲಿ, ಚಿತ್ರ ಹೊರಬಂತು. ಧ್ವನಿಯ ಆಲ್ಬಂ ಮಾತ್ರ 1972ರಲ್ಲೇ ಬಂದು 20 ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು.

ನಾನು ಆ ಚಿತ್ರವನ್ನು ಮೂರು ಸಲ ನೋಡಿದ್ದೀನಿ. ಮೊದಲ ರಾತ್ರಿ ಬಿಳಿ ನಿಲುವಂಗಿ. ಎರಡನೇ ರಾತ್ರಿ ಹಸಿರು. ದೀಪಗಳ ಬಿಸಿಗೆ ಬೆವರು ಧಾರಾಕಾರ ಸುರೀತಿದೆ. ಇಷ್ಟು ದೊಡ್ಡ ತಾರೆ, ಎರಡು ರಾತ್ರಿಯಲ್ಲಿ ಜನರ ಜೊತೆ ಮಾತಾಡಿದ್ದೇ ಇಲ್ಲ ಅನ್ನಬಹುದು. ಎರಡನೇ ರಾತ್ರಿ ಮುಂದಿನ ಸಾಲಿನಲ್ಲಿ ಅಪ್ಪ ಸಿ.ಎಲ್. ಫ್ರಾಂಕ್ಲಿನ್. ಪಕ್ಕದಲ್ಲಿ ಯಾರು ಗೊತ್ತಾ? ಟೋಪಿ ಬಿಸಾಡಿದ ಕ್ಲಾರಾ ವಾರ್ಡ್! ಮಗಳು ಪಿಯಾನೋ ನುಡಿಸುತ್ತಾ ಹಾಡುವಾಗ ಅಪ್ಪ ಎದ್ದು ಬಂದು ಕರ್ಚೀಫಿನಿಂದ ಆಕೆಯ ಮುಖದ ಬೆವರು ಒರೆಸುತ್ತಾರೆ. ಹಾಡು ನಿಲ್ಲಲ್ಲ. ಇಪ್ಪತ್ತೊಂಬತ್ತು ವರ್ಷದ ಹೆಂಗಸು ಆ ಕ್ಷಣಕ್ಕೆ ಮಗುವಿನ ಥರ ಕಣ್ಣು ಮುಚ್ಚಿರುತ್ತಾರೆ. ಅದಾದ ಒಂದು ವರ್ಷಕ್ಕೆ, 1973ರ ಜನವರಿಯಲ್ಲಿ, ಕ್ಲಾರಾ ವಾರ್ಡ್ ತೀರಿಕೊಂಡರು. ಅಪ್ಪನಿಗೆ 1979ರಲ್ಲಿ ಮನೆಯಲ್ಲೇ ಗುಂಡು ಬಿತ್ತು. ಐದು ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದು 1984ರಲ್ಲಿ ಹೋದರು. ಅವರಿಗಾಗಿಯೇ ಅರೀತಾ ಡೆಟ್ರಾಯ್ಟ್‌ಗೆ ವಾಪಸು ಬಂದದ್ದು.

ಆ ಕಷ್ಟದ ನಡುವೆಯೇ 1980ರಲ್ಲಿ "ದಿ ಬ್ಲೂಸ್ ಬ್ರದರ್ಸ್" ಸಿನಿಮಾ. ಅದರಲ್ಲಿ ಆಕೆ ಹೋಟೆಲಿನ ಪರಿಚಾರಕಿ. ಕೊಳೆಯಾದ ಏಪ್ರನ್ನು, ಕಾಲಿಗೆ ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿ. ಸಂಗೀತದ ರಾಣಿ ಆ ವೇಷದಲ್ಲಿ ಗಂಡನಿಗೆ ಬುದ್ಧಿ ಹೇಳುವ ಹಾಡು ಹಾಡಿ ಇಡೀ ಸಿನಿಮಾ ಕದ್ದುಬಿಟ್ಟರು. ತುಟಿ ತಾಳೆ ಹಾಕಿಸೋಕೆ ಮಾತ್ರ ಚಿತ್ರತಂಡ ಒದ್ದಾಡಿತಂತೆ, ಯಾಕಂದರೆ ಆಕೆ ಒಂದು ಹಾಡನ್ನು ಎರಡು ಸಲ ಒಂದೇ ಥರ ಹಾಡಿದವರಲ್ಲ. (ನಾವು ನಿರೂಪಕರೂ ಮೇಲೆ ಕೋಟು ಟೈ ಹಾಕ್ಕೊಂಡು ಮೇಜಿನ ಕೆಳಗೆ ಹವಾಯಿ ಚಪ್ಪಲಿಯಲ್ಲೇ ಇರ್ತೀವಿ. ನಮ್ಮದನ್ನು ಯಾರೂ ತೋರಿಸಲ್ಲ, ಪುಣ್ಯ.) ಎಂಬತ್ತರ ದಶಕದ ಮಧ್ಯದಲ್ಲಿ ಎಂಟಿವಿ ಹುಡುಗರಿಗಾಗಿ ಮುಳ್ಳು ಮುಳ್ಳಾಗಿ ಕತ್ತರಿಸಿದ ಕೂದಲು, ಗುಲಾಬಿ ಕ್ಯಾಡಿಲ್ಯಾಕ್ ಕಾರು. ಆ ಕಾಲದ ವೇಷ ನನಗೆ ಅಷ್ಟೇನೂ ಹಿಡಿಸಲ್ಲ. ಬೇಗ ಮುಂದೆ ಹೋಗೋಣ.

1993. ಆಕೆಯ ವಯಸ್ಸು 51, ಮೈ ತುಂಬಿಕೊಂಡಿದೆ. ಟಿವಿ ವಿಶೇಷ ಕಾರ್ಯಕ್ರಮವೊಂದಕ್ಕೆ ಎದೆ ಬಿಗಿಯುವ, ಭುಜ ಕಾಣುವ ಉಡುಪು ಹಾಕಿದರು. ಬ್ಯಾಲೆ ನರ್ತಕಿಯ ಲಂಗ ಹಾಕಿ ಹೆಜ್ಜೆಯನ್ನೂ ಹಾಕಿದರು! ನ್ಯೂಯಾರ್ಕಿನ ಹೆಸರಾಂತ ಅಂಕಣಗಾರ್ತಿ ಲಿಜ್ ಸ್ಮಿತ್ ಬರೆದರು: ಇಂಥ ಬಟ್ಟೆ ಹಾಕೋಕೆ ಈಕೆಗೆ ಮೈ ಜಾಸ್ತಿಯಾಯಿತು, ಅದು ಈಕೆಗೆ ಗೊತ್ತಿದ್ದೂ ಲೆಕ್ಕಕ್ಕಿಟ್ಟಿಲ್ಲ ಅನ್ನುವ ಧಾಟಿಯಲ್ಲಿ. ಅರೀತಾ ಪತ್ರ ಬರೆದು ಉತ್ತರಿಸಿದರು. ಸಾರಾಂಶ ಇಷ್ಟು: ನನ್ನ ಮನಸ್ಸಿನಲ್ಲಿ ಏನಿದೆ ಅಂತ ಹೇಳೋಕೆ ನೀವ್ಯಾರು? ಆ ಉಡುಪಿಗೆ ಬೇಕಾದ್ದು ನನ್ನಲ್ಲಿ ಇದೆ, ಈವರೆಗೆ ಯಾರಿಂದಲೂ ದೂರು ಬಂದಿಲ್ಲ. ನೀವು ದೊಡ್ಡ ಫ್ಯಾಷನ್ ಸಂಪಾದಕಿ ಆದ ದಿನ ನಮಗೆಲ್ಲ ತಿಳಿಸಿ.

ಈ ಪತ್ರದ ವಿಷಯ ಓದಿದ ರಾತ್ರಿ ನನಗೆ ನಮ್ಮದೇ ಚಾನೆಲ್ಲುಗಳ ಕೆಲಸ ನೆನಪಾಯಿತು. ಐವತ್ತು ದಾಟಿದ ನಟಿ ಸ್ಲೀವ್‌ಲೆಸ್ ಹಾಕಿದರೆ ಅರ್ಧ ಗಂಟೆ ಚರ್ಚೆ. ಎಪ್ಪತ್ತು ದಾಟಿದ ನಾಯಕ ಇಪ್ಪತ್ತೈದರ ಹುಡುಗಿ ಜೊತೆ ಚರ್ಮದ ಜಾಕೆಟ್ಟಿನಲ್ಲಿ ಕುಣಿದರೆ "ಎವರ್‌ಗ್ರೀನ್"! ಈ ಚರ್ಚೆಗಳನ್ನು ನಡೆಸಿದವರಲ್ಲಿ ನಾನೂ ಒಬ್ಬ. ಒಮ್ಮೆ ಅಲ್ಲ, ಹತ್ತಾರು ಸಲ. ಟಿಆರ್‌ಪಿ ಬಂದಿತ್ತು, ನಿಜ. ಉತ್ತರ ಪತ್ರ ಮಾತ್ರ ಒಂದೂ ಬಂದಿರಲಿಲ್ಲ. ಅವರಲ್ಲಿ ಯಾರಿಗೂ ಅರೀತಾ ಅವರ ಪರ್ಸು ಇರಲಿಲ್ಲವಲ್ಲ, ಮುಂದಿನ ಅವಕಾಶಕ್ಕೆ ನಮ್ಮನ್ನೇ ನೋಡಬೇಕಿತ್ತು.

ಇನ್ನು ಆ ಟೋಪಿ. 2009ರ ಜನವರಿ 20. ಕೊರೆಯುವ ಚಳಿಯ ವಾಷಿಂಗ್ಟನ್. ಕಪ್ಪು ಮನುಷ್ಯನೊಬ್ಬ ಮೊದಲ ಸಲ ಅಮೆರಿಕದ ಅಧ್ಯಕ್ಷನಾಗುತ್ತಿದ್ದಾನೆ. ಹಾಡೋಕೆ ಬಂದ ಅರೀತಾ ತಲೆ ಮೇಲೆ ಬೂದು ಬಣ್ಣದ ಫೆಲ್ಟ್ ಟೋಪಿ, ಅದಕ್ಕೆ ತಲೆಗಿಂತ ದೊಡ್ಡ ಬೋ, ಅಂಚಿಗೆ ಫಳಫಳ ಹರಳು. ಮಾಡಿದ್ದು ಡೆಟ್ರಾಯ್ಟ್‌ನ ಲ್ಯೂಕ್ ಸಾಂಗ್, ಕೊರಿಯಾ ಮೂಲದ ಟೋಪಿ ಕುಶಲಕರ್ಮಿ. ಚರ್ಚಿಗೆ ಹೋಗುವ ಕಪ್ಪು ಹೆಂಗಸರೇ ಆತನ ಗಿರಾಕಿಗಳು. ಮರುದಿನದಿಂದ ಆತನ ಅಂಗಡಿಯ ಫೋನು ನಿಲ್ಲಲಿಲ್ಲ. ಇಂಟರ್‌ನೆಟ್‌ನಲ್ಲಿ ಆ ಬೋ ಅನ್ನು ನಾಯಿಗೆ, ಬೆಕ್ಕಿಗೆ, ಪ್ರತಿಮೆಗೆಲ್ಲ ಅಂಟಿಸಿ ಜನ ನಕ್ಕರು. ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಅದೇ ಟೋಪಿಯನ್ನು ನಮಗೆ ಕೊಡಿ ಅಂತ ಕೇಳಿತು.

ನಕ್ಕವರಿಗೆ ಗೊತ್ತಿರದ ಸಂಗತಿ ಒಂದಿತ್ತು. ಅದು ಚರ್ಚಿನ ಟೋಪಿ. ಭಾನುವಾರದ ಟೋಪಿ. ಪಾತ್ರೆ ತಿಕ್ಕಿದ ಅಜ್ಜಿಯರ ಏಳನೇ ದಿನದ ಟೋಪಿಯನ್ನು ಆಕೆ ಮಂಗಳವಾರ ಕ್ಯಾಪಿಟಲ್‌ನ ಮೆಟ್ಟಿಲಿಗೆ ಹಾಕಿಕೊಂಡು ಹೋಗಿದ್ದರು. ಟಿವಿಯಲ್ಲಿ ನೋಡುತ್ತಿದ್ದ ಕಪ್ಪು ಅಮೆರಿಕಕ್ಕೆ ವಿವರಣೆ ಬೇಕಾಗಲಿಲ್ಲ. ಆಕೆಗೆ ಮಾತ್ರ ಆವತ್ತಿನ ಹಾಡು ಸಮಾಧಾನ ತಂದಿರಲಿಲ್ಲ, ಚಳಿಗೆ ದನಿ ಏಳಲಿಲ್ಲ ಅಂತ ಆಮೇಲೆ ತಾವೇ ಬೇಸರ ಹೇಳಿಕೊಂಡರು. ಜನ ದನಿಯ ಬಗ್ಗೆ ಕೇಳಲೇ ಇಲ್ಲ.

ದನಿಗೆ ಉತ್ತರ ಆರು ವರ್ಷ ಕಾದಿತ್ತು. 2015ರ ಡಿಸೆಂಬರ್, ವಾಷಿಂಗ್ಟನ್‌ನ ಕೆನಡಿ ಸೆಂಟರ್. ಗೀತರಚನೆಗಾರ್ತಿ ಕೆರೋಲ್ ಕಿಂಗ್ ಅವರಿಗೆ ಗೌರವ. 1967ರಲ್ಲಿ ಅರೀತಾ ಹಾಡಿ ಪ್ರಸಿದ್ಧಿಗೆ ತಂದ ಹಾಡು ಕೆರೋಲ್ ಕಿಂಗ್ ಅವರದ್ದೇ ಸ್ವರ ಸಂಯೋಜನೆ. ಯಾರು ಹಾಡುತ್ತಾರೆ ಅಂತ ಅವರಿಗೆ ಗೊತ್ತಿಲ್ಲ. 73 ವರ್ಷದ ಅರೀತಾ ಬರ್ತಾರೆ. ನೆಲ ಮುಟ್ಟುವ ತುಪ್ಪಳದ ಕೋಟು, ಕೈಯಲ್ಲಿ ಪರ್ಸು. ಪರ್ಸು ಪಿಯಾನೋ ಮೇಲೆ. ತಾವೇ ನುಡಿಸುತ್ತಾ ಹಾಡು ಶುರು. ಮೇಲಿನ ಬಾಲ್ಕನಿಯಲ್ಲಿ ಒಬಾಮಾ ಕಣ್ಣೊರೆಸಿಕೊಳ್ತಾರೆ. ಅರ್ಧ ಹಾಡಿಗೆ ಎದ್ದು ವೇದಿಕೆಯ ನಡುವೆ ಬಂದರು. ದನಿ ಮೇಲೇರಿತು. ಹಾಗೇ ಭುಜ ಕೊಡವಿದರು ನೋಡಿ, ಸಾವಿರಾರು ಡಾಲರಿನ ಆ ಕೋಟು ನೆಲಕ್ಕೆ ಬಿತ್ತು! ಇಡೀ ಸಭೆ ಎದ್ದು ನಿಂತಿತು.

ತುಪ್ಪಳದ ಕೋಟಿಗೆ ಪ್ರಾಣಿಗಳ ಪರವಾಗಿರುವವರು ಆಕೆಯನ್ನು ಬಹಳ ಸಲ ಟೀಕಿಸಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ, ನಾನು ಆ ಕೋಟಿನ ವಕಾಲತ್ತು ವಹಿಸೋದಿಲ್ಲ. ನಾನು ನೋಡಿದ್ದು ಅದು ಬಿದ್ದದ್ದನ್ನು. ಡೆಟ್ರಾಯ್ಟ್‌ನ ಒಂದು ಶವಸಂಸ್ಕಾರದಲ್ಲಿ ಟೋಪಿ ಕಿತ್ತೆಸೆದ ಕ್ಲಾರಾ ವಾರ್ಡ್ ಅರವತ್ತಕ್ಕೂ ಹೆಚ್ಚು ವರ್ಷ ಆ ಹುಡುಗಿಯ ಮೈಯೊಳಗೆ ಕೂತಿದ್ದರು. ಅಧ್ಯಕ್ಷರ ಮುಂದೆ ಹೊರಬಂದರು.

ಈಗ ಆ ಶವಪೆಟ್ಟಿಗೆಯ ನಾಲ್ಕು ದಿನ ನೋಡಿ. ಮೊದಲ ಎರಡು ದಿನ ಆಕೆಯನ್ನು ಇಟ್ಟಿದ್ದು ಚಾರ್ಲ್ಸ್ ರೈಟ್ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿ. ಮೂರನೇ ದಿನ ಅಪ್ಪನ ಚರ್ಚಿನಲ್ಲಿ. ಆಗಸ್ಟ್ 31ರಂದು ಗ್ರೇಟರ್ ಗ್ರೇಸ್ ಟೆಂಪಲ್‌ನಲ್ಲಿ ಸುಮಾರು ಎಂಟು ತಾಸಿನ ವಿದಾಯ. ಬೀದಿಯಲ್ಲಿ ನೂರಕ್ಕೂ ಹೆಚ್ಚು ಗುಲಾಬಿ ಕ್ಯಾಡಿಲ್ಯಾಕ್. ಆಕೆಯನ್ನು ಹೊತ್ತದ್ದು 1940ರ ಒಂದು ಹಳೇ ಲಸಾಲ್ ಗಾಡಿ. ಅಪ್ಪನನ್ನು ಹೊತ್ತದ್ದೂ ಅದೇ. ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರನ್ನು 2005ರಲ್ಲಿ ಹೊತ್ತದ್ದೂ ಅದೇ. ಹಾಡುಗಾರ್ತಿ ಒಂದೇ ಕಚೇರಿಯಲ್ಲಿ ಹಲವು ಸಲ ಉಡುಪು ಬದಲಿಸೋದು ಅಮೆರಿಕದಲ್ಲಿ ರೂಢಿ. ಜನ ನಾಲ್ಕು ದಿನ ಬಂದರು, ನಾಲ್ಕು ದಿನವೂ ಕಲಾವಿದೆ ಸಿದ್ಧವಾಗಿದ್ದರು. ನಾನು ಓದಿದ ಶೀರ್ಷಿಕೆಯಲ್ಲಿ "ಫ್ಯಾಷನ್ ಶೋ" ಅಂತಿತ್ತು. ಶೋ ಅನ್ನುವುದಷ್ಟೇ ಸರಿ.

ಆ ನರ್ಸ್ ತಂಗಿಗೆ ತಡವಾಗಿ ಉತ್ತರ ಬರೆದೆ. ಆಕೆ ವಾಪಸು ಬರೆದರು, ಸಾಲಿನಲ್ಲಿ ನಿಂತಿದ್ದ ಅಜ್ಜಿಯರೆಲ್ಲ ಟೋಪಿ ಹಾಕಿಕೊಂಡು ಬಂದಿದ್ದರಂತೆ, ಆಗಸ್ಟಿನ ಬಿಸಿಲಿನಲ್ಲೂ.

ಇನ್ನೊಂದು ಸಂಗತಿ ಗೊತ್ತಾದದ್ದು ಆಮೇಲೆ. ಅರೀತಾ ವಕೀಲರಿಂದ ಉಯಿಲು ಮಾಡಿಸಿರಲಿಲ್ಲ. 2019ರಲ್ಲಿ ಮನೆಯ ಸೋಫಾದ ದಿಂಬಿನ ಕೆಳಗೆ ಒಂದು ನೋಟ್‌ಬುಕ್ ಸಿಕ್ಕಿತು. 2014ರಲ್ಲಿ ಕೈಬರಹದಲ್ಲಿ ಗೀಚಿದ ನಾಲ್ಕು ಪುಟ. ಮಕ್ಕಳ ನಡುವೆ ಕೋರ್ಟಿನಲ್ಲಿ ಜಗ್ಗಾಟ ನಡೆದು, 2023ರ ಜುಲೈನಲ್ಲಿ ಜ್ಯೂರಿ ಅದೇ ಊರ್ಜಿತ ಅಂತ ತೀರ್ಪು ಕೊಟ್ಟಿತು. ಮನೆ, ಆಸ್ತಿ, ಕಾರುಗಳ ಜೊತೆ ಗೌನುಗಳ ಬಗ್ಗೆಯೂ ಅದರಲ್ಲಿ ಬರೆದಿದ್ದರು: ಹರಾಜು ಹಾಕಿ, ಇಲ್ಲವೇ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್‌ಗೆ ಕೊಡಿ. ಕೆಳಗೆ ಸಹಿ. ಸಹಿಯಲ್ಲಿನ ಮೊದಲ ಅಕ್ಷರದೊಳಗೆ ಒಂದು ಪುಟ್ಟ ನಗುಮುಖ ಬರೆದಿದ್ದರು.